ಗಾಂಸ್‌ಕಾರಿನ ತಡೆಹಲಗೆ

ಅದು ಫೆಬ್ರವರಿ, ಮುಖವಾಡದ ಹಬ್ಬಕ್ಕೆ ಇನ್ನೊಂದು ವಾರವಿತ್ತು. ಗುರುವಾರದ ಇಳಿಹೊತ್ತು. ಬಿಸಿಲು ಆಗಲೇ ಗಾಲ್‌ಫೆಸ್ ಹಳ್ಳಿಯ ಮಾಡುಗಳನ್ನು ಬಿಟ್ಟು ಎದುರು ಬೆಟ್ಟದ ನೆತ್ತಿಗೆ ಹತ್ತಿತ್ತು. ಚಳಿಗಾಲದಲ್ಲಿ ಟಿರೋಲಿನ ಆ ಕಣಿವೆಗೆ ಬಿಸಿಲು ಬರುವುದು ಅವಸರದ ನೆಂಟರ ಹಾಗೆ. ಕೂತಂತೆ ಮಾಡಿ ಎದ್ದುಬಿಡುತ್ತದೆ.

ಆಫ್ರಾ ಗಂಡನ ಸಾಮಾನುಗಳನ್ನು ಅಡುಗೆಮನೆಯ ಮೇಜಿನ ಮೇಲೆ ಸುರಿದಳು.

"ನೋಡು ವ್ರೋನಿ. ಆಸ್ಪತ್ರೆಯವ್ರು ಕೊಟ್ಟಿದ್ದು ಇಷ್ಟು. ಒಬ್ಬ ಗಂಡಸು ಅಂದ್ರೆ ಇಷ್ಟೇನಾ?"

ಒಂದು ಉಣ್ಣೆಟೋಪಿ, ಕೈಗವಸು, ಬೆನ್ನುಚೀಲ, ಎದೆಗೆ ಕಟ್ಟುವ ಹಳೆಯ ಬೀಪರ್. ಬಡಗಿ ಕಸ್ಪರ್ ಮಂಗಳವಾರ ಮನೆ ಬಿಟ್ಟವನು ಬುಧವಾರ ಗಾಂಸ್‌ಕಾರ್ ಇಳಿಜಾರಿನ ಬುಡದಲ್ಲಿ ಹಿಮದಡಿ ಸಿಕ್ಕಿದ್ದ. ಶನಿವಾರ ಮಣ್ಣು.

ವ್ರೋನಿ ಆ ಕಣಿವೆಯ ಬೆಟ್ಟದ ಪೊಲೀಸು. ಆಫ್ರಾಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಶಾಲೆ ಕಲಿತವಳು. ಕಸ್ಪರನನ್ನು ಅಗೆದು ತೆಗೆದವರಲ್ಲಿ ಅವಳೂ ಒಬ್ಬಳು.

"ಟೀ ಕುಡೀತೀಯಾ?"

"ಬೇಡ."

"ಕುಡಿ. ಇಲ್ದಿದ್ರೆ ನಾನು ಈ ಕೈಗಳನ್ನ ಏನು ಮಾಡ್ಲಿ?"

ಆಫ್ರಾ ನೀರಿಟ್ಟಳು. ಒಲೆಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದಳು:

"ಶನಿವಾರ ಗಾಡಿಯಂತೆ. ನಿನ್ನಣ್ಣ ಬಂದು ಹೇಳಿ ಹೋದ. ಹೊಸ್ತಿಲ ಆಚೆ ನಿಂತು ಹೇಳ್ದ. ಒಳಗೆ ಬರೋಕೂ ಅವನಿಗೆ ಮುಖ ಇರ್ಲಿಲ್ಲ."

ವ್ರೋನಿ ತಲೆ ತಗ್ಗಿಸಿದಳು. ಗಾಡಿ ಅಂದರೆ ಏನೆಂದು ಆ ಕಣಿವೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ರಕ್ಷಣಾ ತಂಡದವನು ಹಿಮದಲ್ಲಿ ಸತ್ತರೆ ಅವನ ಪೆಟ್ಟಿಗೆಯನ್ನು ತಂಡದವರು ಹೆಗಲ ಮೇಲೆ ಹೊತ್ತು ಚರ್ಚಿನಿಂದ ಸ್ಮಶಾನಕ್ಕೆ ಒಯ್ಯುತ್ತಾರೆ, ಪೆಟ್ಟಿಗೆಯ ಮೇಲೆ ಅವನ ಸ್ಕೀ ಇಟ್ಟು. ಆದರೆ ಇಳಿಜಾರು ಮುಚ್ಚಿದೆ ಎಂಬ ತಡೆಹಲಗೆ ನೋಡಿಯೂ ದಾಟಿ ಹೋಗಿ ಸತ್ತವನನ್ನು ಹೊರುವುದಿಲ್ಲ. ಅವನು ಚರ್ಚಿನ ಕೈಗಾಡಿಯಲ್ಲಿ ಹೋಗುತ್ತಾನೆ. ಅಂಥವನನ್ನು ಹುಡುಕಲು ಹೋಗುವವರ ಹೆಂಡಿರು ಮಕ್ಕಳ ಕಣ್ಣೀರಿಗೆ ಇದೊಂದು ಲೆಕ್ಕ ಅಂತ ಹಿಂದಿನವರು ಮಾಡಿಟ್ಟದ್ದು. ಗಾಡಿಯ ಮನೆ ಅಂತ ಹೆಸರು ಬಿದ್ದರೆ ಮೂರು ತಲೆಮಾರು ಹೋಗುವುದಿಲ್ಲ.

"ಇಪ್ಪತ್ತು ವರ್ಷ ಆ ತಂಡದಲ್ಲಿ ದುಡಿದ," ಅಂದಳು ಆಫ್ರಾ. "ಯಾರ್ಯಾರನ್ನೋ ಅಗೆದ. ಮದುವೆ ದಿನಾನೂ ಊಟದ ಮಧ್ಯ ಎದ್ದು ಹೋದ. ಈಗ ಅವನ ಹೆಣ ಹೊರೋಕೆ ನಾನು ಅವ್ರ ಕಾಲು ಹಿಡೀಬೇಕಾ?"

"ನಾನು ಮಾತಾಡ್ತೀನಿ."

"ಏನಂತ? ಹಲಗೆ ಇತ್ತು. ನೀನೂ ನೋಡ್ದೆ. ಬೀಪರ್ ಕೂಡ ಹಚ್ಚಿರ್ಲಿಲ್ಲ ಅಂತಾರೆ. ಹುಚ್ಚು ಹಿಡಿದಿತ್ತು ಅನ್ನಿ, ಸುಮ್ಮನಾಗ್ತೀನಿ. ಆದ್ರೆ ಹುಚ್ಚನನ್ನೂ ಹೊರ್ತಾರಲ್ಲ ಜನ!"

ವ್ರೋನಿ ಬೀಪರನ್ನು ಕೈಗೆತ್ತಿಕೊಂಡಳು. ಹಿಮದ ಮೇಲೆ ಹೋಗುವವರೆಲ್ಲ ಇದನ್ನು ಅಂಗಿಯೊಳಗೆ ಕಟ್ಟಿಕೊಂಡು 'ಕಳಿಸು' ಎಂಬಲ್ಲಿ ಇಡುತ್ತಾರೆ. ಒಬ್ಬ ಹೂತುಹೋದರೆ ಉಳಿದವರು ತಮ್ಮದನ್ನು 'ಹುಡುಕು' ಎಂಬಲ್ಲಿಗೆ ತಿರುಗಿಸಿ ಅವನ ಸದ್ದಿನ ಜಾಡು ಹಿಡಿದು ಹೋಗುತ್ತಾರೆ. ಕಸ್ಪರನದು ಹಳೆಯ ಕಾಲದ್ದು, ತಿರುಗಿಸುವ ಗುಂಡಿ ಇರುವಂಥದ್ದು. ಮೊದಲು ಬಂದ್, ಆಮೇಲೆ ಕಳಿಸು, ಕೊನೆಗೆ ಹುಡುಕು. 'ಹುಡುಕು'ವಿನಲ್ಲಿರುವಾಗ ಅದರಿಂದ ಸದ್ದು ಹೊರಡುವುದಿಲ್ಲ.

ಗುಂಡಿ ಬಂದ್‌ನಲ್ಲಿತ್ತು. ಅವಳು ಸುಮ್ಮನೆ ತಿರುಗಿಸಿದಳು. ಟಕ್. ಕೆಂಪು ದೀಪ ಹತ್ತಿತು.

ಅಂದರೆ ಬ್ಯಾಟರಿ ಸತ್ತಿರಲಿಲ್ಲ.

ಇನ್ನೊಮ್ಮೆ ತಿರುಗಿಸಿದಳು. ಟಕ್. ಮತ್ತೆ ಹಿಂದಕ್ಕೆ, ಹೆಬ್ಬೆರಳಿನಿಂದ. ಟಕ್, ಟಕ್.

ಅವಳ ಹೆಬ್ಬೆರಳು ಗುಂಡಿಯ ಮೇಲೇ ನಿಂತಿತು.

ಹೂತವರನ್ನು ಹೊರಗೆ ತೆಗೆದ ಕೂಡಲೇ ಅಗೆದವರ ಕೈ ತಾನಾಗಿ ಅಂಗಿಯೊಳಗೆ ಹೋಗಿ ಬೀಪರ್ ಆರಿಸುತ್ತದೆ. ಅದರ ಸದ್ದು ಇನ್ನೊಬ್ಬನ ಹುಡುಕಾಟಕ್ಕೆ ಅಡ್ಡ ಬರಬಾರದೆಂದು. ಬದುಕಿದ್ದಾನೋ ಸತ್ತಿದ್ದಾನೋ ಎಂದು ನೋಡುವ ಮೊದಲೇ ನಡೆಯುವ ಕೆಲಸ ಅದು. ಸದ್ದೇ ಇಲ್ಲದ ಕಸ್ಪರನನ್ನು ನಾಯಿ ತೋರಿಸಿತ್ತು. ಆದರೂ ಬುಧವಾರ ಅವಳ ಕೈ ಒಳಗೆ ಹೋಗಿತ್ತು, ಗುಂಡಿ ತಿರುಗಿಸಿತ್ತು, ಹೊರಗೆ ಬಂದಿತ್ತು. ಅಷ್ಟೂ ಮನಸ್ಸಿಗೆ ಬಾರದೆ.

ಈಗ ಹೆಬ್ಬೆರಳು ನೆನಪು ಮಾಡಿಕೊಂಡಿತು. ಅವತ್ತೂ ಎರಡು ಟಕ್.

"ಏನಾಯ್ತೇ? ಮುಖ ಯಾಕೆ ಹಾಗಾಯ್ತು?"

"ಆಫ್ರಾ, ಅವನು ಬೀಪರ್ ಹಚ್ಚಿದ್ದ. ಆರಿಸಿದ್ದು ನಾನು."

"ಅಂದ್ರೆ?"

"ಅದು 'ಹುಡುಕು'ವಿನಲ್ಲಿತ್ತು. ಅವನು ಯಾರನ್ನೋ ಹುಡುಕ್ತಾ ಇದ್ದ."

ಆಫ್ರಾ ಕೆಟಲನ್ನು ಒಲೆಯ ಮೇಲೆಯೇ ಬಿಟ್ಟಳು.

ವ್ರೋನಿ ಬೆನ್ನುಚೀಲವನ್ನು ಹತ್ತಿರ ಎಳೆದಳು. ಬುಧವಾರ ಅದರ ಪಟ್ಟಿ ಸರಿಯಾಗಿ ಬಿಗಿದಿತ್ತು, ಅದು ಅವಳಿಗೆ ಚೆನ್ನಾಗಿ ನೆನಪಿತ್ತು. ಒಳಗೆ ಸಲಿಕೆಯ ಜಾಗ ಖಾಲಿ. ಹೂತವರನ್ನು ಹಿಮದೊಳಗೆ ತಡಕುವ ಚುಚ್ಚುಗೋಲಿನ ಜಾಗವೂ ಖಾಲಿ. ಹಿಮಕುಸಿತ ಕಿತ್ತುಕೊಂಡು ಹೋಗಿದೆ, ಬೇಸಿಗೆಗೆ ಸಿಗುತ್ತದೆ ಅಂದಿದ್ದರು ಎಲ್ಲರೂ. ಬಿಗಿದ ಚೀಲದೊಳಗಿಂದ ಹಿಮಕುಸಿತ ಸಲಿಕೆ ಕದಿಯುತ್ತದೆಯೇ? ಸಲಿಕೆ ತೆಗೆದುಕೊಂಡು ಚೀಲ ಮತ್ತೆ ಬಿಗಿದು ಬೆನ್ನಿಗೇರಿಸುವುದು ಪಳಗಿದವರ ಅಭ್ಯಾಸ. ಕಸ್ಪರ್ ಪಳಗಿದವನು.

"ಮಂಗಳವಾರ ಅವನು ಹೊರಟಿದ್ದು ಹೇಗೆ? ಸರಿಯಾಗಿ ಹೇಳು."

"ಸರಿಯಾಗಿ ಏನಿದೆ? ಕೆಲಸದ ಕೋಣೆಯಲ್ಲಿ ಹಲಗೆಗೆ ಕೀಸುಳಿ ಹಾಕ್ತಿದ್ದ. ನಾನು ಊಟಕ್ಕೆ ಕರೆಯೋಕೆ ಹೋದೆ. ಕಿಟಕಿ ಹತ್ರ ನಿಂತಿದ್ದ. 'ಹಾಳಾದವನೇ, ಹಾಳಾದವನೇ' ಅಂದ. ಕೀಸುಳಿ ಹಲಗೆ ಮೇಲೇ ಬಿಟ್ಟ. ಸ್ಕೀ ತಗೊಂಡ, ಹೋದ."

"ಯಾರಿಗೆ ಅಂದ?"

"ಕೇಳ್ಲಿಲ್ಲ. ಬೈಗುಳ ನಂಗೇ ಅಂದ್ಕೊಂಡೆ. ಬೆಳಿಗ್ಗೆ ಸೌದೆ ವಿಷಯಕ್ಕೆ ಜಗಳ ಆಡಿದ್ವಿ." ಅವಳು ಕೆಟಲನ್ನು ಕೆಳಗಿಳಿಸಿದಳು. "ಎರಡು ದಿನದಿಂದ ಅದೇ ಕೊರೀತಿದೆ, ಅವನ ಕೊನೇ ಮಾತು ನನ್ನನ್ನ ಬೈದದ್ದು ಅಂತ."

"ಆ ಕಿಟಕಿಯಿಂದ ಏನು ಕಾಣತ್ತೆ?"

ಕೇಳಬೇಕಾಗಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಆ ಕಿಟಕಿಯಿಂದ ಗಾಂಸ್‌ಕಾರ್ ಕಾಣುತ್ತದೆ, ಬುಡದಿಂದ ನೆತ್ತಿಯವರೆಗೆ.

"ಯಾರೋ ಹತ್ತುತ್ತಾ ಇದ್ರು," ಅಂದಳು ವ್ರೋನಿ. "ಕಸ್ಪರ್ ತಡೆಯೋಕೆ ಹೋದ."

ಆಫ್ರಾ ಗಂಡನ ಟೋಪಿಯನ್ನು ಎತ್ತಿಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಅಳಲಿಲ್ಲ.

"ಹಾಗಾದ್ರೆ ಅವ್ನು ಎಲ್ಲಿ? ಊರಲ್ಲಿ ಯಾರೂ ಕಾಣೆಯಾಗಿಲ್ಲ. ಹೂತುಹೋದವನು ಎದ್ದು ಬಂದು ನನ್ನ ಗಂಡನ ಹೆಣಕ್ಕೆ ಹೂ ತಂದಿಟ್ಟು ಹೋದ್ನಾ?"

*

ಬೀದಿಗೆ ಬಂದು ವ್ರೋನಿ ಗೋಡೆಯ ಮರೆಯಲ್ಲಿ ನಿಂತು ಫೋನ್ ತೆಗೆದಳು. ಬುಧವಾರ ವರದಿಗೆಂದು ತೆಗೆದ ಚಿತ್ರ ಅದರಲ್ಲಿತ್ತು. ಗಾಂಸ್‌ಕಾರಿನ ಬುಡದ ಕಂಬ, ಅದಕ್ಕೆ ಹಗ್ಗದಿಂದ ಬಿಗಿದ ಹಳದಿ ತಡೆಹಲಗೆ. ಮೂವರ ಹಿಮಕುಸಿತ ಸಮಿತಿ ಸೋಮವಾರ ಸಂಜೆ ಕೂತು ಇಳಿಜಾರು ಮುಚ್ಚಿತೆಂದು, ಆಗಲೇ ಹಲಗೆ ಕಟ್ಟಿದೆವೆಂದು ಸಮಿತಿಯ ಹಿರಿಯ ಎಂಗೆಲ್‌ಬರ್ಟ್ ಎಲ್ಲರ ಮುಂದೆ ಹೇಳಿದ್ದ. ಅವನು ವ್ರೋನಿಯ ದೊಡ್ಡಪ್ಪ. ಎರಡನೆಯವನು ಅವಳ ಅಣ್ಣ ಗೆಬ್‌ಹಾರ್ಟ್, ರಕ್ಷಣಾ ತಂಡದ ನಾಯಕ. ಅವನು ಹೌದೆಂದು ತಲೆಯಾಡಿಸಿದ್ದ. ಮೂರನೆಯವನು ಕಸ್ಪರ್. ಅವನು ಆಗ ಅವರ ಕಾಲ ಬುಡದಲ್ಲೇ ಕಂಬಳಿ ಹೊದ್ದು ಮಲಗಿದ್ದ.

ಅವಳು ಚಿತ್ರವನ್ನು ದೊಡ್ಡದು ಮಾಡಿದಳು.

ಸೋಮವಾರ ಇರುಳೆಲ್ಲ ಬಿರುಗಾಳಿ. ಅಂಥ ಗಾಳಿಗೆ ಕಂಬ, ತಂತಿ, ಬಂಡೆ ಎಲ್ಲದರ ಮೇಲೂ ಬಿಳಿಯ ಮಂಜಿನ ಗರಿ ಬೆಳೆಯುತ್ತದೆ. ಚಿತ್ರದ ಕಂಬದ ಮೇಲೂ ಬೆಳೆದಿತ್ತು, ಗೇಣುದ್ದ. ಹಗ್ಗ ಆ ಗರಿಯನ್ನು ಒತ್ತಿ ಪುಡಿಮಾಡಿಕೊಂಡು ಬಿಗಿದಿತ್ತು. ಹಗ್ಗದ ಮೇಲೆ ಒಂದೆಳೆಯೂ ಇಲ್ಲ. ಹಲಗೆಯ ಮುಖ ತೊಳೆದಿಟ್ಟಂತೆ ಹಳದಿ.

ಅವಳು ಫೋನನ್ನು ಜೇಬಿಗೆ ಹಾಕಿದಳು. ದೊಡ್ಡಪ್ಪ ಸುಳ್ಳು ಹೇಳಿದ್ದ. ಹಾಗಾದರೆ ತಲೆಯಾಡಿಸಿದ ಅಣ್ಣ? ಆ ಯೋಚನೆಯನ್ನು ಅವಳು ಮುಂದಕ್ಕೆ ಬಿಡಲಿಲ್ಲ. ಅಣ್ಣ ಹಿರಿಯರ ಮಾತಿಗೆ ಚಿಕ್ಕಂದಿನಿಂದ ತಲೆಯಾಡಿಸುವವನೇ.

*

ಎಂಗೆಲ್‌ಬರ್ಟನ ಹೋಟೆಲಿನ ನೆಲಮಾಳಿಗೆಯಲ್ಲಿ ಸ್ಕೀ ಕೋಣೆ. ಎಪ್ಪತ್ತು ದಾಟಿದ ಮುದುಕ ಅಲ್ಲಿ ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಅತಿಥಿಗಳ ಸ್ಕೀಗಳಿಗೆ ಮೇಣ ಹಚ್ಚುತ್ತಿದ್ದ. ಎಡಗಿವಿಯ ಅಂಚನ್ನು ಯಾವುದೋ ಕಾಲದ ಚಳಿ ತಿಂದು ಹಾಕಿತ್ತು.

"ಪೊಲೀಸಾಗಿ ಬಂದ್ಯಾ, ಮಗಳಾಗಿ ಬಂದ್ಯಾ? ಪೊಲೀಸಾದ್ರೆ ಬೂಟು ಒರೆಸ್ಕೊಂಡು ಬಾ."

"ಮಗಳಾದ್ರೆ?"

"ಆಗ್ಲೂ ಒರೆಸ್ಕೊಂಡೇ ಬಾ. ನಿನ್ ದೊಡ್ಡಮ್ಮ ಈಗ ತಾನೇ ನೆಲ ಒರೆಸಿದ್ದಾಳೆ. ನನ್ನನ್ನ ಸಾಯಿಸ್ತಾಳೆ."

ವ್ರೋನಿ ಬೂಟು ಒರೆಸಿ ಒಳಗೆ ಬಂದಳು. ಹಿಮ ಓದುವುದನ್ನು ಅವಳಿಗೆ ಕಲಿಸಿದ್ದು ಈ ಮನುಷ್ಯನೇ. ಹಿಮದ ತಳದಲ್ಲಿ ಒಂದಕ್ಕೊಂದು ಅಂಟದ ಸಕ್ಕರೆ ಹರಳಿನಂಥ ಪದರ ಕುಳಿತಿದ್ದರೆ ಅದರ ಮೇಲಿನದು ಎಷ್ಟು ಗಟ್ಟಿಯಿದ್ದರೂ ನಂಬಬೇಡ ಅಂದಿದ್ದ. ಆ ಹರಳನ್ನು ಅವಳ ಅಂಗೈಗೆ ಹಾಕಿ ತೋರಿಸಿದ್ದ.

"ಗಾಂಸ್‌ಕಾರಿನ ಹಲಗೆ ಯಾವಾಗ ಕಟ್ಟಿದ್ರಿ ದೊಡ್ಡಪ್ಪ?"

"ಸೋಮವಾರ ಸಂಜೆ. ಎಷ್ಟು ಸಲ ಹೇಳ್ಬೇಕು?"

"ಆ ರಾತ್ರಿ ಗಾಳಿ?"

"ವಾಯವ್ಯದಿಂದ. ಮಾಡು ಹಾರತ್ತೇನೋ ಅನ್ನೋ ಹಾಗೆ."

"ಮಂಗಳವಾರ?"

"ಮಂಗಳವಾರ ಎಲ್ಲಿ ಗಾಳಿ? ಹೊಗೆ ನೆಟ್ಟಗೆ ಮೇಲಕ್ಕೆ ಹೋಗ್ತಿತ್ತು." ಮುದುಕ ತಲೆಯೆತ್ತಿ ನಕ್ಕ. "ಏನೇ ಇದು, ನಾನು ಹೇಳ್ಕೊಟ್ಟ ಪಾಠ ನನ್ನಿಂದ್ಲೇ ಒಪ್ಪಿಸ್ಕೊಳ್ತೀಯ?"

"ಮಂಜಿನ ಗರಿ ಬೆಳೆಯೋದು ಗಾಳಿಗೆ ಅಲ್ವಾ?"

"ಮತ್ತೆ?"

ಅವಳು ಫೋನನ್ನು ಅವನ ಮುಂದೆ ಹಿಡಿದಳು.

"ಹಲಗೆ ಸೋಮವಾರ ಸಂಜೆ ಕಟ್ಟಿದ್ರೆ ಗರಿ ಹಗ್ಗದ ಮೇಲೆ ಬೆಳೀಬೇಕಿತ್ತು. ಇಲ್ಲಿ ಹಗ್ಗ ಗರಿಯ ಮೇಲಿದೆ."

ಮುದುಕ ನೋಡಿದ. ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿ ಮತ್ತೆ ನೋಡಿದ. ಕೋಣೆಯಲ್ಲಿ ಕಮಟು ವಾಸನೆ ಎದ್ದಿತು.

"ಮೇಣ ಸುಡ್ತಿದೆ ದೊಡ್ಡಪ್ಪ."

ಅವನು ಇಸ್ತ್ರಿಪೆಟ್ಟಿಗೆಯನ್ನು ಎತ್ತಿಟ್ಟ. ಯಾರದೋ ದುಬಾರಿ ಸ್ಕೀಯ ಮೇಲೆ ಅಂಗೈಯಗಲದ ಕಪ್ಪು ಕಲೆ ಉಳಿಯಿತು.

"ಯಾರಿಗೆ ತೋರಿಸ್ದೆ ಇದನ್ನ?"

"ಇನ್ನೂ ಯಾರಿಗೂ ಇಲ್ಲ."

"ಒಂದು ಹಗ್ಗ. ಅದ್ರಿಂದ ಏನಾಗತ್ತೆ? ಮುದುಕ, ದಿನ ಮರೆತೆ ಅಂತೀನಿ."

"ಹಗ್ಗ ಒಂದೇ ಅಲ್ಲ. ಕಸ್ಪರನ ಬೀಪರ್ 'ಹುಡುಕು'ವಿನಲ್ಲಿತ್ತು."

"ಯಾರು ನೋಡಿದ್ರು?"

"ಯಾರೂ ನೋಡಿಲ್ಲ. ಆರಿಸಿದ್ದು ನನ್ನ ಹೆಬ್ಬೆರಳು."

"ಹೆಬ್ಬೆರಳನ್ನ ಕೋರ್ಟಿಗೆ ಕರೀತೀಯ?" ನಗಲು ನೋಡಿದ, ಆಗಲಿಲ್ಲ.

"ಅವನು ಹುಡುಕಿದ್ದು ಯಾರನ್ನ ಅಂತ ನಾನು ದಾರಿಯುದ್ದಕ್ಕೂ ಯೋಚಿಸ್ದೆ. ಹಬ್ಬದ ಅತಿಥಿಗಳನ್ನ ಗಾಂಸ್‌ಕಾರಿಗೆ ಕರ್ಕೊಂಡು ಹೋಗೋ ಮಾರ್ಗದರ್ಶಿ ಊರಲ್ಲಿ ಒಬ್ನೇ. ಸೆವೆರಿನ್ ಮಂಗಳವಾರದಿಂದ ಬೀದಿಗೆ ಬಂದಿಲ್ಲ. ಜ್ವರ ಅಂದ್ರಿ. ಏನು ಜ್ವರ ದೊಡ್ಡಪ್ಪ ನಿಮ್ಮ ಮಗನಿಗೆ?"

ಎಂಗೆಲ್‌ಬರ್ಟ್ ಮರದ ಪೆಟ್ಟಿಗೆಯ ಮೇಲೆ ಕುಸಿದು ಕೂತ. ಕಪಾಟಿನಿಂದ ಬೇರಿನ ಸಾರಾಯಿ ತೆಗೆದು ಎರಡು ಲೋಟಕ್ಕೆ ಹಾಕಿದ. ಅವಳು ಮುಟ್ಟಲಿಲ್ಲ. ಅವನೂ ಮುಟ್ಟಲಿಲ್ಲ.

"ಕಸ್ಪರ್ ಸೋಮವಾರ ಮಧ್ಯಾಹ್ನ ಅಲ್ಲಿ ಗುಂಡಿ ತೋಡಿ ನೋಡಿದ್ದ," ಅಂದ ಕೊನೆಗೆ. "ತಳದಲ್ಲಿ ಮೊಳಕಾಲುದ್ದ ಸಕ್ಕರೆ. ಮೇಲೆ ಗಾಳಿ ತಂದಿಟ್ಟ ಗಟ್ಟಿ ಹಿಮ. 'ಮುಚ್ಚಿ, ಇವತ್ತೇ ಮುಚ್ಚಿ' ಅಂತ ಮೇಜು ಗುದ್ದಿದ. ನಾನು ಮುಚ್ಚಲ್ಲ ಅಂದೆ. ಹಬ್ಬ ಹತ್ರ ಬಂದಿತ್ತು. ಅತಿಥಿಗಳು ಬಂದು ಕೂತಿದ್ರು. ಊರಲ್ಲಿ ಎಲ್ಲಾ ಇಳಿಜಾರೂ ಮುಚ್ಚಿ ಬಂದವರಿಗೆ ಏನು ತೋರಿಸ್ಲಿ, ನನ್ನ ಕಿವೀನಾ?"

"ಗೆಬ್‌ಹಾರ್ಟ್ ಏನಂದ?"

"ಅವ್ನು ಯಾವತ್ತು ಏನಂದಿದ್ದಾನೆ? ಸುಮ್ಮನಿದ್ದ. ಅದನ್ನ ಒಪ್ಪಿಗೆ ಅಂತ ತಗೊಂಡೆ, ಇಬ್ಬರ ಮಾತು ಗೆಲ್ತು."

"ಮಂಗಳವಾರ?"

"ಸೆವೆರಿನ್ ಅತಿಥಿಗಳಿಗೆ ಜಾಡು ಹಾಕೋಕೆ ಹೋದ, ಒಬ್ನೇ. ಮೇಲಿನ ತಿರುವಿನಲ್ಲಿ ನೆಲ ಧುಮ್ ಅಂತಂತೆ. ಅಷ್ಟೇ ಅವನಿಗೆ ನೆನಪಿರೋದು. ಕಣ್ಣು ಬಿಟ್ಟಾಗ ಕಸ್ಪರ್ ಅವನ ಬಾಯೊಳಗೆ ಬೆರಳು ಹಾಕಿ ಹಿಮ ತೆಗೀತಿದ್ದ. 'ಉಸಿರಾಡೋ ಕತ್ತೆ, ಉಸಿರಾಡು' ಅಂತ."

ಮೇಲಿನ ಊಟದ ಮನೆಯಲ್ಲಿ ಯಾರೋ ಗಟ್ಟಿಯಾಗಿ ನಕ್ಕರು. ಮುದುಕ ಅದು ಮುಗಿಯುವವರೆಗೆ ಕಾದ.

"ಸೆವೆರಿನ್‌ನ ಬಂಡೆ ಮರೆಗೆ ಎಳೆದು ಕೂರಿಸ್ದ. ಸಲಿಕೆ, ಕೋಲು ಅಲ್ಲೇ ಗುಂಡಿ ಹತ್ರ ಬಿದ್ದಿತ್ತು. ತರ್ತೀನಿ ಅಂತ ಹೋದ. ಮೇಲೆ ಉಳಿದಿದ್ದ ಅರ್ಧ ಇಳಿಜಾರು ಆಗ ಬಂತು."

"ಬೀಪರ್ ತಿರುಗಿಸಿರ್ಲಿಲ್ಲ."

"ಇಲ್ಲ. ಒಬ್ಬನ್ನ ತೆಗೆದ ಮೇಲೆ ಮೊದ್ಲು 'ಕಳಿಸು'ವಿಗೆ ತಿರುಗಿಸ್ರಪ್ಪಾ ಅಂತ ಹೊಸಬರಿಗೆ ಬಡ್ಕೊಳ್ತಾ ಇದ್ದದ್ದೇ ಅವ್ನು. ಆದ್ರೆ ಬದುಕಿರೋ ಮುಖ ಕಂಡ ಸಂತೋಷ ಇರತ್ತಲ್ಲ ಮಗಳೇ, ಅದು ಎಲ್ಲಾ ಮರೆಸತ್ತೆ. ಸೆವೆರಿನ್ ತನ್ನ ಬೀಪರ್ ಹಿಡ್ಕೊಂಡು ಆ ರಾಶಿ ಮೇಲೆಲ್ಲ ಓಡಾಡ್ದ. ಒಂದು ಸದ್ದಿಲ್ಲ. ಕೈಯಲ್ಲಿ ಅಗೆದ. ಉಗುರು ಕಿತ್ತು ಬಂದಿವೆ. ಮೇಲೆ ಹೋಗಿ ನೋಡು ಬೇಕಾದ್ರೆ."

ವ್ರೋನಿಗೆ ಒಂದು ಕ್ಷಣ ಮುದುಕನ ಮೇಲೆ ಮರುಕ ಬಂತು. ಆಮೇಲೆ ಬುಧವಾರದ ಮುಖ ಕಣ್ಣ ಮುಂದೆ ನಿಂತಿತು.

"ಕಸ್ಪರನ ಮುಖದ ಮುಂದೆ ಮಂಜುಗಡ್ಡೆ ಕಟ್ಟಿತ್ತು ದೊಡ್ಡಪ್ಪ. ಬಟ್ಟಲಿನ ಹಾಗೆ, ನುಣ್ಣಗೆ."

ಅವನ ಕೈ ಲೋಟದ ಮೇಲೆ ನಿಂತಿತು.

"ಬಿಸಿ ಉಸಿರಿಗೆ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ, ಮತ್ತೆ ಕರಗಿ... ಅದು ಒಂದು ಗಳಿಗೆಯಲ್ಲಿ ಆಗೋದಲ್ಲ. ನೀವೇ ಹೇಳ್ಕೊಟ್ಟಿದ್ದು. ಅವನು ಬದುಕಿದ್ದ. ತುಂಬಾ ಹೊತ್ತು. ಕತ್ತಲಲ್ಲಿ, ಕೈ ಅಲ್ಲಾಡಿಸೋಕೂ ಆಗ್ದೆ. ಯಾರಾದ್ರೂ ಬರ್ತಾರೆ ಅಂತ ಕಾಯ್ತಾ."

"ಸಾಕು."

"ಸಾಕಾ? ನಾಯಿ ಅವನನ್ನ ಎಷ್ಟು ಬೇಗ ತೋರಿಸ್ತು ಗೊತ್ತಾ? ನಾನಿನ್ನೂ ಚುಚ್ಚುಗೋಲು ಜೋಡಿಸ್ತಾ ಇದ್ದೆ. ಮಂಗಳವಾರ ಆ ನಾಯಿ ಊರಲ್ಲೇ ಇತ್ತು. ನಾನೂ ಊರಲ್ಲೇ ಇದ್ದೆ, ಮನೆ ಮುಂದೆ ಹಿಮ ಎತ್ತುತ್ತಾ. ನಿಮ್ಮ ಮಗ ಒಂದು ಫೋನ್ ಮಾಡಿದ್ರೆ—"

"ಮಾಡಿದ."



"ಏನಂದ್ರಿ?"

"ಸೆವೆರಿನ್ ಫೋನ್ ಮಾಡಿದ. ನಿಂತ ಜಾಗದಿಂದ್ಲೇ. ರಕ್ಷಣಾ ತಂಡದ ಸರದಿ ಫೋನಿಗೆ. 'ಬರ್ತೀವಿ, ಅಲ್ಲೇ ಇರು' ಅಂತ ಉತ್ತರ ಬಂತಂತೆ. ಅವ್ನು ಬೆಳಕು ಸಾಯೋ ತನಕ ಕಾದ. ಯಾರೂ ಬರ್ಲಿಲ್ಲ. ಕತ್ತಲಾಗೋ ಹೊತ್ತಿಗೆ ತೆವಳ್ಕೊಂಡು ಮನೆಗೆ ಬಂದ, ನಂಗೆ ಗೊತ್ತಾಗಿದ್ದು ಆಗ."

"ಈ ವಾರ ಸರದಿ ಫೋನು..."

"ನಿಮ್ಮನೆ ಅಡುಗೆಮನೆ ಮೇಜಿನ ಮೇಲಿರತ್ತೆ. ರೊಟ್ಟಿ ಬುಟ್ಟಿ ಪಕ್ಕ. ನನ್ನನ್ನ ಯಾಕೆ ಕೇಳ್ತೀಯ?"

ಮುದುಕ ಈಗ ಎದ್ದಿದ್ದ. ಅವನ ದನಿಯಲ್ಲಿ ಹಳೆಯ ಹಟ ಮರಳಿ ಬಂದಿತ್ತು.

"ಹಲಗೆ ಕಟ್ಟಿದ್ದು ನಾನು, ಮಂಗಳವಾರ ರಾತ್ರಿ. ಅದು ನನ್ನ ಮಗನಿಗೋಸ್ಕರ, ಒಪ್ದೆ. ಆದ್ರೆ ಬಾಯಿ ಮುಚ್ಕೊಂಡಿದ್ದು ನಿಮ್ಮಪ್ಪನ ಮಗನಿಗೋಸ್ಕರ. ಈಗ ಹೇಳು, ಆ ಚಿತ್ರ ಯಾರಿಗೆ ತೋರಿಸ್ತೀಯ?"

ವ್ರೋನಿ ಲೋಟ ಎತ್ತಿ ಒಂದೇ ಗುಟುಕಿಗೆ ಕುಡಿದಳು. ಕಹಿ ಹೊಟ್ಟೆಯವರೆಗೆ ಸುಟ್ಟುಕೊಂಡು ಹೋಯಿತು.

"ಶನಿವಾರ ಕಸ್ಪರ್ ಹೆಗಲ ಮೇಲೆ ಹೋಗ್ತಾನೆ. ಅದಕ್ಕೆ ಮೊದ್ಲು ನೀವು ತಂಡದವರ ಮುಂದೆ ನಿಂತು ಹಲಗೆ ಇರ್ಲಿಲ್ಲ ಅಂತ ಹೇಳ್ಬೇಕು."

"ಹೇಳ್ತೀನಿ. ನಿನ್ನಣ್ಣ ಪಕ್ಕದಲ್ಲಿ ನಿಂತು ತನ್ನದು ಹೇಳಿದ್ರೆ."

"ಸೆವೆರಿನ್‌ನ ಕರೀರಿ."

"ಈಗ ಬೇಡ. ಎರಡು ದಿನ ಕಣ್ಣು ಮುಚ್ಚಿರ್ಲಿಲ್ಲ, ಇವತ್ತು ಮಲಗಿದ್ದಾನೆ. ಬೆಳಿಗ್ಗೆ ಬಾ. ನಾನೇ ಎಬ್ಬಿಸಿ ನಿನ್ನ ಮುಂದೆ ಕೂರಿಸ್ತೀನಿ."

ಮೇಲಿನ ಕೋಣೆಯ ಬಾಗಿಲನ್ನು ಆಗಲೇ ತಟ್ಟಬೇಕಾಗಿತ್ತು. ಅವಳು ತಟ್ಟಲಿಲ್ಲ. ಅಣ್ಣನನ್ನು ಮೊದಲು ಕೇಳಬೇಕೆಂಬ ಒಂದೇ ಆತುರ ಅವಳನ್ನು ಹೊರಕ್ಕೆ ನೂಕಿತು.

*

ಅಣ್ಣ ತಂಗಿ ಇಬ್ಬರೂ ಇರುವುದು ಅಪ್ಪ ಕಟ್ಟಿದ ಮನೆಯಲ್ಲೇ, ಅವನು ಮೇಲೆ, ಅವಳು ಕೆಳಗೆ. ಗೆಬ್‌ಹಾರ್ಟ್ ಮನೆಯಲ್ಲಿರಲಿಲ್ಲ. ಕಣಿವೆಯ ರಸ್ತೆಯ ಮೇಲಿನ ಹಿಮ ನೋಡಲು ಹೋಗಿದ್ದೇನೆ, ತಡವಾದರೆ ಸುರಂಗದ ಬಳಿಯ ಗುಡಿಸಲಲ್ಲೇ ಮಲಗುತ್ತೇನೆ ಎಂದು ಪಕ್ಕದ ಮನೆಯವಳಿಗೆ ಹೇಳಿ ಹೋಗಿದ್ದ. ವ್ರೋನಿ ಬಾರ್ಲಿ ಸಾರು ಬಿಸಿ ಮಾಡಿ ಅವನಿಗೂ ಒಂದು ತಟ್ಟೆ ಇಟ್ಟು ಕಾದಳು. ಫೋನಿಗೆ ಅವನು ಸಿಗಲಿಲ್ಲ. ಹೊರಗೆ ಹಿಮ ಬೀಳತೊಡಗಿತ್ತು, ಸಣ್ಣಗೆ, ಅಡ್ಡಗಾಳಿಯ ಜೊತೆ. ಕಾಯುತ್ತ ಕಾಯುತ್ತ ಬೆಂಚಿನ ಮೇಲೆಯೇ ಅವಳಿಗೆ ಜೋಂಪು ಹತ್ತಿತು.

ಶುಕ್ರವಾರ ಬೆಳಗಾದಾಗ ಅಣ್ಣನಿಗಿಟ್ಟ ತಟ್ಟೆ ಖಾಲಿಯಾಗಿತ್ತು. ತೊಳೆದು ಕವುಚಿಟ್ಟಿದ್ದ.

ಅವಳು ಹಜಾರಕ್ಕೆ ಓಡಿದಳು. ಅವನ ಸ್ಕೀ ಇರಲಿಲ್ಲ, ಬೂಟಿರಲಿಲ್ಲ. ತಂಡದ ಕೆಂಪು ಅಂಗಿ ಗೂಟದಲ್ಲಿತ್ತು. ಅದರ ಪಕ್ಕದ ಮೊಳೆಯಲ್ಲಿ ಅವನ ಬೀಪರ್ ತೂಗುತ್ತಿತ್ತು. ಮೂವತ್ತು ವರ್ಷದಲ್ಲಿ ಗೆಬ್‌ಹಾರ್ಟ್ ಅದನ್ನು ಕಟ್ಟಿಕೊಳ್ಳದೆ ಹಿಮದ ಮೇಲೆ ಹೆಜ್ಜೆಯಿಟ್ಟವನಲ್ಲ. ಅಪ್ಪ ಹಿಮದಲ್ಲಿ ಸಿಗದೆ ಹೋದ ವರ್ಷದಿಂದ.

ಹೋಟೆಲಿಗೆ ಫೋನ್ ಮಾಡಿದಳು. ದೊಡ್ಡಮ್ಮ ಎತ್ತಿದಳು.

"ಸೆವೆರಿನಾ? ಹಾಸಿಗೆ ತಣ್ಣಗಿದೆ ಮಗಾ. ಯಾವಾಗ ಎದ್ದು ಹೋದ್ನೋ ತಿಳೀಲಿಲ್ಲ. ನಿಮ್ಮ ದೊಡ್ಡಪ್ಪನೂ ಇಲ್ಲ. ರಸ್ತೆ ಮುಚ್ಚಬೇಕು ಅಂತ ಬೆಳಿಗ್ಗೆ ಮುಂಚೆ ಗೇಟಿಗೆ ಹೋದ್ರು."

ವ್ರೋನಿ ಕಾರು ತೆಗೆದು ಊರಾಚೆಯ ಗೇಟಿಗೆ ಬಂದಾಗ ಕೆಂಪು ಬಿಳಿ ಅಡ್ಡಗಂಬ ಬಿದ್ದಾಗಿತ್ತು. ಎಂಗೆಲ್‌ಬರ್ಟ್ ಪಕ್ಕದಲ್ಲಿ ನಿಂತಿದ್ದ. ಹುಬ್ಬಿನ ಮೇಲೆಲ್ಲ ಹಿಮ.

"ಗೇಟು ತೆಗೀರಿ."

"ಆಗಲ್ಲ. ರಾತ್ರಿ ಮೊಳದುದ್ದ ಬಿದ್ದಿದೆ. ಮೇಲೆ ಗಾಳಿ ಹೊತ್ತು ಹಾಕ್ತಿದೆ. ರಸ್ತೆ ಮೇಲೆ ಯಾವ ಗಳಿಗೆಯಲ್ಲಾದ್ರೂ ಇಳಿಯತ್ತೆ."

"ಮೊದಲ ಬಸ್ಸು ಹೋಯ್ತಲ್ಲ!"

"ಅದು ಹೋದ ಮೇಲೇ ಮುಚ್ಚಿದ್ದು."

ಅವಳು ಮೇಲೆ ನೋಡಿದಳು. ಮೋಡದಲ್ಲಿ ಏನೂ ಕಾಣಲಿಲ್ಲ. ಅವನು ಹೇಳುತ್ತಿರುವುದು ನಿಜವೇ ಇರಬಹುದು. ಸುಳ್ಳೂ ಇರಬಹುದು. ಈ ಮುದುಕನಿಗೆ ಇಲ್ಲವೆಂದು ಮೇಜು ಗುದ್ದಿ ಹೇಳುವವನು ಊರಲ್ಲಿ ಒಬ್ಬನೇ ಇದ್ದ. ಅವನು ಈಗ ಚರ್ಚಿನ ತಣ್ಣನೆ ಕೋಣೆಯಲ್ಲಿ ಮಲಗಿದ್ದ.

ಆಗ ಅವಳ ಫೋನ್ ರಿಂಗಾಯಿತು. ಬಸ್ಸು ಓಡಿಸುವ ಹಿಲ್ಟ್‌ಗುಂಡ್.

"ವ್ರೋನಿ, ನಾನು ಕೆಳಗಿನ ಪೇಟೆಯಲ್ಲಿ ಸಿಕ್ಕಾಕೊಂಡಿದ್ದೀನಿ, ಗೇಟು ಬಿತ್ತಂತೆ. ನೋಡು, ನಿನ್ನಣ್ಣ ಬೆಳಿಗ್ಗೆ ನನ್ನ ಬಸ್ಸಿನಲ್ಲಿದ್ದ. ಸೆವೆರಿನ್ನೂ ಇದ್ದ. ಪಕ್ಕಪಕ್ಕ ಕೂತಿದ್ರು, ಮಾತಿಲ್ಲ ಕತೆಯಿಲ್ಲ. ಪೇಟೆಗೆ ಚೀಟಿ ತಗೊಂಡು ಸುರಂಗದ ಹತ್ರ ಗುಡಿ ಮುಂದೆ ಇಳಿದ್ಬಿಟ್ರು. ಈ ಹವಾದಲ್ಲಿ ಎಲ್ಲಿಗೆ ಸಾಯೋಕೆ ಹೋಗ್ತೀರೋ ಅಂದೆ. ಇಬ್ರೂ ಸ್ಕೀ ಹಾಕ್ಕೊಂಡು ಹಿಂದಿನ ಕಾಡಿನಲ್ಲಿ ಮೇಲಕ್ಕೆ ಹೊರಟ್ರು."

"ಗೆಬ್‌ಹಾರ್ಟ್ ಏನಾದ್ರೂ ಹೇಳಿದ್ನಾ?"

"ಇಳಿಯೋವಾಗ. ವ್ರೋನಿಗೆ ಹೇಳು ಅಂದ. ನಂಗಂತೂ ತಲೆಬುಡ ತಿಳೀಲಿಲ್ಲ. 'ಫೋನ್ ಬಂದ ತಕ್ಷಣ ನಾನು ದೊಡ್ಡಪ್ಪನಿಗೆ ಹೇಳ್ದೆ. ಯಾರೂ ಹೋಗ್ಬೇಡಿ ಅಂದಿದ್ದು ಅವ್ರು.' ಇಷ್ಟೇ ಅಂದ. ಏನೇ ಅದು, ಯಾವ ಫೋನು?"

ಫೋನಿನ ಸದ್ದು ದೊಡ್ಡದಿತ್ತು. ಎಂಗೆಲ್‌ಬರ್ಟ್ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಗೇಟಿನ ಬೀಗದ ಕೈಯನ್ನು ಮಾತ್ರ ಒಂದು ಜೇಬಿನಿಂದ ತೆಗೆದು ಇನ್ನೊಂದು ಜೇಬಿಗೆ ಹಾಕಿಕೊಂಡ.

ಮೇಲೆ ಎಲ್ಲೋ, ಸುರಂಗದ ದಿಕ್ಕಿನಲ್ಲಿ, ಬೆಟ್ಟ ಒಮ್ಮೆ ಧುಮ್ ಅಂದಿತು. ಆಮೇಲೆ ಉದ್ದಕ್ಕೆ ಗುಡುಗಿದ ಹಾಗೆ.

ಇಬ್ಬರೂ ಅತ್ತ ತಿರುಗಿದರು. ಗೆಬ್‌ಹಾರ್ಟನ ಬೀಪರ್ ಮನೆಯ ಮೊಳೆಯಲ್ಲೇ ತೂಗುತ್ತಿತ್ತು.

ಕಸ್ಪರನನ್ನು ಮಣ್ಣು ಮಾಡಬೇಕಾಗಿದ್ದದ್ದು ಶನಿವಾರ. ಅವನಿಗೆ ಹೆಗಲೋ ಗಾಡಿಯೋ ಎಂದು ಸತ್ಯ ಹೇಳಬಲ್ಲ ಇಬ್ಬರು, ಗೆಬ್‌ಹಾರ್ಟ್ ಮತ್ತು ಸೆವೆರಿನ್, ಊರು ಬಿಟ್ಟು ಹೋದದ್ದು ಶುಕ್ರವಾರ, ಮೊದಲ ಬಸ್ಸಿಗೆ.